ಹೊಳೆ ದಾಟುವ ಹಾಡಿಗೆ ನಾನು ಎತ್ತಿದ ಕೈ

ಚಿಮಣಿ, ಬಾಳ್ಯಾ,

ಶಾಲೆಯ ಹಾಜರಿಯಲ್ಲಿ ನಿಮಗೆ ಬೇರೆ ಹೆಸರುಗಳಿವೆ, ನನಗೆ ಇವೇ ಸಾಕು. ಶ್ರಾವಣದಲ್ಲಿ ನಾನು ಶಿರಗುಪ್ಪಿಗೆ ಹೋಗಿ ಬಂದ ದಿನ ಅಲ್ಲಿ ಏನಾಯಿತೆಂದು ನೀವು ಎಷ್ಟೋ ಸಲ ಕೇಳಿದಿರಿ. 'ಹಾಡು ಕೇಳಿ ಬಂದೆ' ಎಂದು ಹೇಳಿ ನಾನು ಒಲೆಯ ಕಡೆ ತಿರುಗಿಬಿಟ್ಟೆ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರಗಳು ಇನ್ನೂ ಕೈಯಲ್ಲಿವೆ. ಆದ್ದರಿಂದ ಬರೆಯುತ್ತೇನೆ.

ನಾನು ಹೋದದ್ದು ಹಾಡುಗಾರರ ಮನೆಗೆ. ಅವರು ನಿಮ್ಮ ಮುತ್ಯಾನ, ಅಂದರೆ ನನ್ನ ಯಜಮಾನರ, ಗೆಳೆಯರು. ಈಗ ಎಪ್ಪತ್ತು ದಾಟಿದ್ದಾರೆ. ಹರೆಯದಲ್ಲಿ ಮಿರಜಿನಿಂದ ಒಂದು ಹಳೆಯ ಗಿಟಾರ್ ತಂದು, ಬೀಸುವ ಕಲ್ಲಿನ ಪದಗಳ ಧಾಟಿಗೆ ತಾವೇ ಮಾತು ಕಟ್ಟಿ ಹಾಡುತ್ತಿದ್ದರು. ಮೊದಮೊದಲು ಮಂದಿ ನಕ್ಕರು. ಆಮೇಲೆ ಕಬ್ಬಿನ ಟ್ರ್ಯಾಕ್ಟರುಗಳಲ್ಲೆಲ್ಲ ಅವರದೇ ಕ್ಯಾಸೆಟ್. ನಿಮ್ಮ ಮುತ್ಯಾ ಅವರಿಗೆ ಢೋಲಕಿ ಬಾರಿಸುತ್ತಿದ್ದರು. ಎಮ್ಮೆ ಹಿಂಡಿ, ಕೈ ತೊಳೆದು, ಸೈಕಲ್ಲಿನ ಹಿಂದೆ ಢೋಲಕಿ ಕಟ್ಟಿಕೊಂಡು ಹೊರಟರೆಂದರೆ ನನಗೆ ಒಂದು ಮಾತು ಹೇಳುವುದಕ್ಕೂ ಪುರಸೊತ್ತು ಇರುತ್ತಿರಲಿಲ್ಲ.

ಆ ಹಾಡುಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು ಹೊಳೆ ದಾಟುವ ಹಾಡು. ಅದರ ಪಲ್ಲವಿ ನನ್ನ ಮದುವೆಯ ಒಡಪು. ಇದು ನಿಮಗೆ ಗೊತ್ತಿಲ್ಲ, ನಿಮ್ಮ ಅಪ್ಪನಿಗೂ ಗೊತ್ತಿಲ್ಲ.

ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಹಾಗೇ ಹೇಳುತ್ತಿರಲಿಲ್ಲ. ಹೇಳಲೇಬೇಕಾದಾಗ ಒಂದು ಸಣ್ಣ ಪದ್ಯದಲ್ಲಿ ಹುದುಗಿಸಿ ಹೇಳಬೇಕು, ಅದೇ ಒಡಪು. ಮದುಮಗಳು ಮೊದಲ ಸಲ ಅತ್ತೆಯ ಮನೆಗೆ ಬಂದಾಗ ನಾದಿನಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಒಡಪು ಹೇಳಿದ ಮೇಲೆಯೇ ದಾರಿ ಬಿಡುತ್ತಾಳೆ. ಅಕ್ಕಂದಿರಿಂದಲೋ ಓಣಿಯ ಹೆಂಗಸರಿಂದಲೋ ಕಲಿತ ಹಳೆಯ ಒಡಪಿಗೆ ತನ್ನ ಗಂಡನ ಹೆಸರು ಸೇರಿಸಿ ಹೇಳುವುದು ರೂಢಿ. ನನಗೆ ಅವು ಯಾವುವೂ ನಾಲಿಗೆಗೆ ಹತ್ತಲಿಲ್ಲ. ಮದುವೆಗೆ ಎಂಟು ದಿನ ಇರುವಾಗ, ತೊಗರಿಬೇಳೆ ಹಸನು ಮಾಡುತ್ತ ನಾನೇ ನಾಲ್ಕು ಸಾಲು ಕಟ್ಟಿದೆ. ನಾನು ಕಟ್ಟಿದ್ದೆಂದು ಯಾರಿಗೂ ಹೇಳಲಿಲ್ಲ. ಬಾಗಿಲಲ್ಲಿ ನಿಂತು ಎರಡನೆಯ ಸಾಲಿಗೆ ಅವರ ಹೆಸರು ಬಂದೊಡನೆ ಹೆಂಗಸರೆಲ್ಲ ಕೂಗಿ ನಕ್ಕರು. ಉಳಿದ ಎರಡು ಸಾಲು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ದಿಬ್ಬಣದ ಜೊತೆ ನಿಂತಿದ್ದ ಹಾಡುಗಾರರಿಗೆ ಮೊದಲ ಎರಡು ಕೇಳಿಸಿದವು. ಮುಂದಿನ ವರ್ಷದ ಕ್ಯಾಸೆಟ್ಟಿನಲ್ಲಿ ಅವು ಹಾಡಾಗಿ ಬಂದವು, ನಿಮ್ಮ ಮುತ್ಯಾನ ಹೆಸರಿನ ಸಮೇತ. ನನ್ನನ್ನು ಯಾರೂ ಕೇಳಿರಲಿಲ್ಲ. ಆಗ ನನಗೆ ಸಿಟ್ಟು ಬಂತೋ ಹಿಗ್ಗು ಬಂತೋ ಈಗ ಹೇಳಲಾರೆ. ಎರಡೂ ಇದ್ದಿರಬೇಕು.

ಆಮೇಲಿನ ವರ್ಷಗಳಲ್ಲಿ 'ಆಯ್ದ ಹಾಡುಗಳು' ಎಂದು ಮೂರು ಬಂದವು. ಮೂರನ್ನೂ ನಾನು ಸಗಣಿ ಬಳಿಯುತ್ತ, ಮೇವು ಕತ್ತರಿಸುತ್ತ ಕೇಳಿದ್ದೇನೆ. ಕೆಂಪು ಹೊದಿಕೆಯ ಮೊದಲ ಕ್ಯಾಸೆಟ್ಟಿಗೆ ಹಾಡುಗಳನ್ನು ಚೆನ್ನಾಗಿ ಆರಿಸಿದ್ದರು. ಆದರೆ ಎಲ್ಲವನ್ನೂ ಹೊಸದಾಗಿ ಹಾಡಿಸಿ, ಢೋಲಕಿಯ ಜಾಗದಲ್ಲಿ ಮಷೀನು ಇಟ್ಟಿದ್ದರು. ನಿಮ್ಮ ಮುತ್ಯಾ ಒಂದು ಹಾಡು ಕೇಳಿ, "ಇದು ಎಲ್ಲೂ ತಪ್ಪೂದಿಲ್ಲ ನೋಡ, ಅದಕ್ಕ ನಂಬಿಕಿ ಬರವಲ್ದು" ಎಂದು ಎದ್ದು ಹೋದರು. ಎರಡನೆಯದು ಸಿಡಿ. ಅದರಲ್ಲಿ ಉದ್ದ ಹಾಡುಗಳ ಬಾಲ ಕತ್ತರಿಸಿ, ಮೆಲ್ಲಗಿದ್ದದ್ದನ್ನೂ ಜೋರು ಮಾಡಿದ್ದರು. ಸತ್ತ ಎತ್ತಿನ ಹಾಡು ಮುಗಿದ ಗಳಿಗೆಯೇ ಮದುವೆಯ ಹಾಡು ಶುರುವಾಗುತ್ತಿತ್ತು. ಮೂರನೆಯದು ಹಾರೂಗೇರಿಯ ಮೊಬೈಲ್ ಅಂಗಡಿಯವನು ಯಾರನ್ನೂ ಕೇಳದೆ ಸಣ್ಣ ಕಾರ್ಡಿನಲ್ಲಿ ತುಂಬಿ ಮಾರಿದ್ದು. ಕಳ್ಳ ಮಾಲು. ಆದರೂ ನನಗೆ ಅದೇ ಹೆಚ್ಚು ಹಿಡಿಸಿತು. ಅವನು ಏನನ್ನೂ ಆರಿಸಿರಲಿಲ್ಲ, ಕೆಮ್ಮಿದ್ದು, ಮಂದಿ ನಕ್ಕದ್ದು, ಎಲ್ಲ ಹಾಗೆಯೇ ಇತ್ತು.

ಆದರೆ ಹೊಳೆ ದಾಟುವ ಹಾಡು ಮೂರರಲ್ಲೂ ಮೊದಲಿನದಲ್ಲ, ಮಾತು ತಿದ್ದಿ ಹೊಸದಾಗಿ ಹಾಡಿಸಿದ್ದೇ. ಒಬ್ಬನ ಹೆಸರಿದ್ದರೆ ಉಳಿದವರು ಯಾಕೆ ಕೊಳ್ಳಬೇಕೆಂದು ಕಂಪನಿಯವರು ಹೇಳಿದರಂತೆ. ಹೆಸರು ಹೋಯಿತು. ಹೆಸರು ಹೋದದ್ದರ ಜೊತೆಗೆ ಆ ಹೆಸರು ಹೇಳುವವಳೂ ಹೋದಳು. 'ತುಂಬಿದ ಹೊಳಿ ದಾಟಿ ಬರತೇನ, ಗೆಳತಿ, ದಾರಿ ನೋಡ' ಎಂದು ಒಬ್ಬ ಗಂಡಸು ಜಂಬ ಕೊಚ್ಚುವ ಹಾಡಾಯಿತು ಅದು.

ಈ ವರ್ಷ ಹಾಡುಗಾರರ ಮಗಳು ನಾಲ್ಕನೆಯ ಆಯ್ಕೆಗೆ ಕೈ ಹಾಕಿದಳು. ಗಂಟಲಿನ ಆಪರೇಶನ್ ಆದ ಮೇಲೆ ಅವರು ಹಾಡುವಂತಿಲ್ಲ. ಪಿಸುಮಾತು ಮಾತ್ರ ಬರುತ್ತದೆ. ಇದೇ ಕೊನೆಯದು, ಇದರಲ್ಲಿ ಯಾವುದು ಹೇಗೆ ಇರುತ್ತದೆಯೋ ಅದೇ ನನ್ನ ಹಾಡು ಎಂದು ಅವರು ಮಗಳ ಹತ್ತಿರ ಬರೆಸಿಟ್ಟಿದ್ದರು. ಹಳೆಯ ಹಾಡಿನ ಮೂಲ ಟೇಪು ಕಂಪನಿಯಲ್ಲೂ ಉಳಿದಿರಲಿಲ್ಲ. ಸಂಪೂರ್ಣ ಇದ್ದದ್ದು ನಮ್ಮ ಮನೆಯ ಕ್ಯಾಸೆಟ್ ಒಂದೇ. ನಿಮ್ಮ ಮುತ್ಯಾ ಹೋದ ಆರು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಹಚ್ಚಿರಲಿಲ್ಲ. ಅದನ್ನು ತಂದು, ಕೂತು ಕೇಳಿ, ಆರಿಸುವುದಕ್ಕೆ ಸಹಾಯ ಮಾಡಬೇಕೆಂದು ಮಗಳು ಕರೆದಳು. ಸಂಜೆ ಐದರೊಳಗೆ ಆರಿಸಿದ ಹಾಡುಗಳ ಯಾದಿ ನಿಪ್ಪಾಣಿಯಲ್ಲಿ ಗರಗರ ಸದ್ದು ತೆಗೆದು ಹಾಡು ಸ್ವಚ್ಛ ಮಾಡುವವನಿಗೆ ಹೋಗಬೇಕಿತ್ತು.

ಒಬ್ಬಳೇ ಹೋಗುವ ಧೈರ್ಯ ನನಗೆಲ್ಲಿ? ಹಾರೂಗೇರಿಯಲ್ಲಿರುವ ನಾದಿನಿಯನ್ನು ಜೊತೆಗೆ ಕರೆದುಕೊಂಡೆ. ಅದೇ ನಾದಿನಿ, ನನಗೆ ಬಾಗಿಲು ಅಡ್ಡಗಟ್ಟಿದವಳು. ಬಸ್ಸಿನಲ್ಲಿ ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಿದ್ದೆ.

"ಏನ ವೈನಿ, ಪರೀಕ್ಷಾಕ್ಕ ಹೊಂಟಾಕಿ ಹಂಗ ಕುಂತೀಯಲ್ಲ," ಎಂದಳು. "ಹಾಡ ಕೇಳೂದು, ಚಲೋ ಐತಿ ಅನ್ನೂದು, ಊಟ ಮಾಡಿ ಬರೂದು. ಇದಕ್ಯಾಕ ಬೆವರತಿ?"

ಹಳೆಯ ಹಾಡು ಉಳಿಯಬೇಕಾದರೆ ನಾನು ಅಲ್ಲಿ ಬಾಯಿ ಬಿಡಬೇಕಾಗುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತು.

ಆರಿಸುವವರು ಮೂವರು: ಮಗಳು, ನಾನು, ಐಗಳಿಯಿಂದ ಬಂದಿದ್ದ ದ್ರಾಕ್ಷಿ ತೋಟದ ಸಾಹುಕಾರರು. ಸಾಹುಕಾರರ ಹತ್ತಿರ ಮೂರೂ ಆಯ್ಕೆಗಳು ಹೊದಿಕೆ ಹರಿಯದಂತೆ ಇದ್ದವು. ತೋಟದಲ್ಲಿ ಔಷಧ ಹೊಡೆಯುವಾಗಲೂ ಇವರ ಹಾಡೇ ಬೇಕಂತೆ. ಹಾಡುಗಾರರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ, ಕೊರಳಿಗೆ ಪಂಚೆ ಸುತ್ತಿಕೊಂಡು ಕೂತಿದ್ದರು. ಕಟ್ಟಳೆ ಹಾಕಿದವರು ಅವರೇ. ಪ್ರತಿ ಹಾಡಿಗೂ ಕೈ ಎತ್ತಬೇಕು. ಇಬ್ಬರು ಒಂದು ಕಡೆ ಆದರೆ ಹಾಗೆಯೇ ಆಗುತ್ತದೆ. ಒಬ್ಬರಿಗೆ ಒಪ್ಪಿಗೆ ಇಲ್ಲದಿದ್ದರೆ ಅವರು ಎಲ್ಲರೆದುರು ಕಾರಣ ಹೇಳಬೇಕು. ಆ ಕಾರಣ ತಮಗೆ ಹಿಡಿಸಿದರೆ ತಾವೇ ಬದಲಾಯಿಸುವರು.

ಬೆಳಿಗ್ಗೆಯಿಂದ ಹತ್ತು ಹಾಡು ಆದವು. ನಾನು ಇಬ್ಬರ ಕೈ ಎದ್ದ ಮೇಲೆ ಮೆಲ್ಲಗೆ ನನ್ನದನ್ನು ಎತ್ತುತ್ತಿದ್ದೆ.

"ಅಕ್ಕಾರ, ನೀವು ಏನೂ ಅನ್ನೂದ ಇಲ್ಲಲ್ಲರಿ," ಸಾಹುಕಾರರು ನಕ್ಕರು.

"ನಮ್ಮ ವೈನಿ ಬಾಯಾಗಿಂದ ಮಾತ ತಗೀಬೇಕಂದ್ರ ಇಕ್ಕಳ ಬೇಕರಿ," ಎಂದಳು ನಾದಿನಿ.

ಒಂದೇ ಕಡೆ ನಾನು ತಲೆ ಅಲ್ಲಾಡಿಸಿದ್ದೆ. ಸತ್ತ ಎತ್ತಿನ ಹಾಡಿನ ಬೆನ್ನಿಗೆ ಮಗಳು ಮತ್ತೆ ಮದುವೆಯ ಹಾಡನ್ನು ಬರೆದುಕೊಳ್ಳುತ್ತಿದ್ದಳು.

"ಬ್ಯಾಡೇನು ಕಾಕು?" ಎಂದು ಅವಳೇ ಕೇಳಿದಳು.

"ನಡುವ ಮಾತಿಲ್ಲದ್ದು, ಬರೇ ಬಾಜಾದ್ದು ಒಂದ ಇರಲಿ," ಎಂದೆ. "ಅತ್ತವರಿಗಿ ಮೂಗ ಒರಸ್ಕೊಳಾಕ ಟೈಮ್ ಬೇಕಲ್ಲ."

ಹಾಡುಗಾರರು ನನ್ನ ಕಡೆ ನೋಡಿ ಮೆಲ್ಲಗೆ ತೊಡೆ ತಟ್ಟಿದರು. ನಾನು ನೆಲ ನೋಡಿದೆ.

ನಾಲ್ಕು ಗಂಟೆಗೆ ಹೊಳೆ ದಾಟುವ ಹಾಡು ಬಂತು. ಮೊದಲು ಹೊಸದನ್ನು ಫೋನಿನಲ್ಲಿ ಹಚ್ಚಿದರು. ಹಾಡುಗಾರರ ದನಿ ಅದರಲ್ಲಿ ತುಂಬಿದ ಕೊಡದ ಹಾಗೆ ಇತ್ತು, ಎಲ್ಲೂ ಒಡೆಯುವುದಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದ ಅವರ ಗಂಟಲು ಪಂಚೆಯೊಳಗೆ ಅಲುಗುವುದು ನನಗೆ ಕಂಡಿತು. ಆಮೇಲೆ ಮಗಳು ನನ್ನ ಕೈಯಿಂದ ಕ್ಯಾಸೆಟ್ ತೆಗೆದುಕೊಂಡಳು. ಎರವಲು ತಂದ ಹಳೆಯ ಮಷೀನಿನಲ್ಲಿ ಹಾಕಿ ಗುಂಡಿ ಒತ್ತಿದಳು. ಗರ್ ಎಂದಿತು. ಹಾಡು ಅರ್ಧ ನಿದ್ದೆಯಲ್ಲಿ ಮಾತಾಡಿದ ಹಾಗೆ ಜಗ್ಗಿತು. ಅವಳು ತಟ್ಟನೆ ನಿಲ್ಲಿಸಿ ಬಾಗಿಲು ತೆಗೆದಳು. ಟೇಪು ಒಂದು ಗೇಣು ಹೊರಗೆ ಬಂದು ಚಕ್ರಕ್ಕೆ ಸುತ್ತಿಕೊಂಡಿತ್ತು.

ಅವಳು ಪೆನ್ಸಿಲ್ಲಿನ ತುದಿಯಿಂದ ಒಂದೊಂದೇ ಸುತ್ತು ಬಿಡಿಸಿದಳು. ಹರಿದರೆ ಮುಗಿಯಿತು, ಆರಿಸುವುದಕ್ಕೆ ಎರಡು ಇರುವುದೇ ಇಲ್ಲ. ನಾಚಿಕೆಯ ಮಾತು, ಆದರೆ ನಿಮಗೆ ಸುಳ್ಳು ಹೇಳಲಾರೆ: ಹರಿದೇ ಹೋಗಲಿ, ನಾನು ಬಾಯಿ ಬಿಡುವುದು ತಪ್ಪುತ್ತದೆ ಎಂದು ಒಂದು ಗಳಿಗೆ ನನಗೆ ಅನಿಸಿತು.

ಹರಿಯಲಿಲ್ಲ. ಎರಡನೆಯ ಸಲ ಹಾಡಿತು. ಗಿಟಾರ್, ಅದರ ಹಿಂದೆ ನಿಮ್ಮ ಮುತ್ಯಾನ ಢೋಲಕಿ, ಒಂದು ಕಡೆ ತುಸು ಮುಂದೆ ಓಡಿ ಮತ್ತೆ ಹಿಂದೆ ಬರುವ ಢೋಲಕಿ. ಹರೆಯದ ಹಾಡುಗಾರರ ದನಿ ನಡುಗುತ್ತಿತ್ತು. ಎರಡನೆಯ ಸಾಲಿನಲ್ಲಿ ಆ ಹೆಸರು ಬಂತು. ನಾದಿನಿ ಅಣ್ಣನ ಹೆಸರು ಕೇಳಿ ಮಷೀನಿನ ಹತ್ತಿರಕ್ಕೆ ಸರಿದಳು. ಆ ಸಾಲು ಮುಗಿದ ಮೇಲೆ ಉದ್ದಕ್ಕೆ ಬರಿಯ ಗಿಟಾರ್ ಇತ್ತು, ಮಾತಿಲ್ಲ.

ಮಗಳು ಮಷೀನು ನಿಲ್ಲಿಸಿದಳು. "ಇದು ಕಾಕಾನ ಹೆಸರು ಅಂತ ನಮಗ ಗೊತ್ತು. ಹೊರಗಿನವರಿಗಿ ಏನು ತಿಳೀತೈತಿ? ಒಡಪಂತೂ ಮೊದಲಿಂದ ಎಲ್ಲಾರ ಬಾಯಾಗ ಇರೂದು, ಯಾರದೂ ಅಲ್ಲ. 'ಜನಪದ' ಅಂತ ಬರೀತೀನಿ. ಹೊಸಾದು ಇರಲಿ." ಅವಳ ಕೈ ಎದ್ದಿತು.

"ನಂದೂ ಹೊಸಾದಕ್ಕ," ಸಾಹುಕಾರರ ಕೈಯೂ ಎದ್ದಿತು. "ದನಿ ನೋಡ್ರಿ ಹೆಂಗೈತಿ. ಮುಗೀತು, ಮುಂದಿಂದ ಹಚ್ಚು ತಂಗಿ."

"ಹಳೇದ ಇರಲಿ," ಎಂದೆ.

ನನ್ನ ಕೈ ಎದ್ದಿತ್ತು. ಯಾವಾಗ ಎದ್ದಿತೋ ನನಗೆ ತಿಳಿಯದು. ಎಲ್ಲರೂ ನನ್ನ ಕಡೆ ತಿರುಗಿದರು.

"ಕಾರಣ ಹೇಳ್ರಿ ವೈನಿ," ಹಾಡುಗಾರರು ಪಿಸುಗುಟ್ಟಿದರು.

ಸೆರಗನ್ನು ಬಾಯಿಗೆ ಹಿಡಿದುಕೊಂಡೆ. ಗಂಡ ಹೋದವಳು ಒಡಪು ಹೇಳುವ ಹಾಗಿಲ್ಲ. ಮದುವೆಯ ಮನೆಗಳಲ್ಲಿ ಒಬ್ಬೊಬ್ಬರಾಗಿ ಒಡಪು ಹೇಳಿಸುತ್ತ ಬರುವವರು ಈ ಆರು ವರ್ಷದಿಂದ ನನ್ನ ಹತ್ತಿರ ಬಂದಾಗ ಮೆಲ್ಲಗೆ ಮುಂದಿನವರ ಕಡೆ ತಿರುಗುತ್ತಾರೆ. ನಾನೂ ಆ ಹೊತ್ತಿಗೆ ಅಡುಗೆ ಮನೆಯಲ್ಲಿ ಏನೋ ಕೆಲಸ ಹುಡುಕಿಕೊಳ್ಳುತ್ತೇನೆ. ಇಲ್ಲಿ ಎದ್ದು ಹೋಗುವುದಕ್ಕೆ ಅಡುಗೆ ಮನೆಯೂ ನನ್ನದಲ್ಲ. ಫೋನು ರಿಂಗಾಯಿತು, ನಿಪ್ಪಾಣಿಯವನು. "ಇನ್ನ ಹತ್ತ ಮಿನಿಟ," ಎಂದಳು ಮಗಳು.

ಸಾಹುಕಾರರು ಮೆತ್ತಗೆ ಹೇಳಿದರು. "ಅಕ್ಕಾರ, ಢೋಲಕಿ ಬಾರಿಸಿದವರು ನಿಮ್ಮವರು. ನಿಮಗ ಹಂಗ ಅನಸೂದು ಖರೆ, ತಪ್ಪಿಲ್ಲ. ಆದ್ರ ಅದು ಕಾರಣ ಆಗೂದಿಲ್ಲರಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ನನಗೆ ಚುರುಕ್ ಅಂದಿತು. "ಅದಕ್ಕಲ್ಲರಿ," ಎಂದೆ. "ಅದು ಜನಪದ ಅಲ್ಲ. ನಾ ಕಟ್ಟಿದ್ದು."

ನಾದಿನಿ ಮೊದಲು ಎಚ್ಚರಾದಳು. "ಏ ಹುಚ್ಚಿ! ಅದನ್ನ ನಿನಗ ಕಲಿಸಿದಾಕಿ ನಾ! ಇಡೀ ಹಾರೂಗೇರಿಗಿ ಗೊತ್ತೈತಿ!"

"ನೀ ಹೇಳಿಕೋತ ಬಂದಿ, ಅದಕ್ಕ ಗೊತ್ತೈತಿ. ಹಂಗಾರ ಮುಂದಿನ ಎರಡ ಸಾಲ ಹೇಳ."

"ಮುಂದ ಎಲ್ಲಿ ಐತಿ? ಎರಡ ಸಾಲಿಂದು ಅದು."

"ನಾಕ ಐತಿ. ನೀವೆಲ್ಲಾ ಒದರ್ಯಾಡಿದ್ರಿ, ಕೇಳಸಲಿಲ್ಲ."

ಹಾಡುಗಾರರು ಕುರ್ಚಿಯಿಂದ ಮುಂದಕ್ಕೆ ಬಾಗಿದ್ದರು. ಅವರ ಮುಖ ನನಗೆ ಹೆದರಿಕೆ ಹುಟ್ಟಿಸಿತು, ಸಿಟ್ಟೋ ಏನೋ ಗೊತ್ತಾಗಲಿಲ್ಲ. ಮಗಳಿಗೆ ಕೈಸನ್ನೆ ಮಾಡಿ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿಸಿದರು. ಮತ್ತೆ ಹಾಡು ಹೊರಟಿತು. ಎರಡು ಸಾಲು ಮುಗಿದು ಬರಿಯ ಗಿಟಾರ್ ಬಂದಾಗ ನನ್ನ ಕಡೆ ಬೆರಳು ಮಾಡಿದರು. ನಾನು ಸೆರಗನ್ನು ಬಾಯಿಯಿಂದ ತೆಗೆದೆ. ನನ್ನ ಮೂರನೆಯ ಸಾಲನ್ನು ಹೇಳಿದೆ, ನಾಲ್ಕನೆಯದನ್ನು ಹೇಳಿದೆ. ಹಾಡಲಿಲ್ಲ, ಸುಮ್ಮನೆ ಹೇಳಿದೆ. ನಾಲ್ಕನೆಯದು ಮುಗಿಯುವುದಕ್ಕೂ ಢೋಲಕಿ ಮತ್ತೆ ಬೀಳುವುದಕ್ಕೂ ಸರಿಹೋಯಿತು.

ಮಗಳು ಮಷೀನು ನಿಲ್ಲಿಸಿದಳು. ಹಾಡುಗಾರರು ತಡೆದು ತಡೆದು ಹೇಳಿದರು. "ಅಲ್ಲಿ ಏನೋ ಇರಬೇಕು ಅನಸತಿತ್ತು. ಎಷ್ಟ ಹುಡುಕಿದ್ರೂ ಸಿಗಲಿಲ್ಲ. ಅದಕ್ಕ ಗಿಟಾರ್ ತುಂಬಿಬಿಟ್ಟೆ. ಇಷ್ಟ ವರ್ಷ ಯಾಕ ಹೇಳಲಿಲ್ಲ ವೈನಿ?"

"ನೀವು ಕೇಳಲಿಲ್ಲರಿ ಅಣ್ಣಾರ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಇದು ಇಲ್ಲಿಗೆ ಮುಗಿಯಿತು, ಹಳೆಯ ಗೆಳೆತನಕ್ಕೆ ನಾನೇ ಕೊಡಲಿ ಹಾಕಿದೆ ಎಂದುಕೊಂಡೆ. ಫೋನು ಮತ್ತೆ ರಿಂಗಾಯಿತು, ಮಗಳು ಎತ್ತಲಿಲ್ಲ.

"ಹೊಸಾದ್ರಾಗ ನನ್ನ ದನಿ ಚಲೋ ಐತಿ," ಕಿಟಕಿಯ ಕಡೆಯೇ ನೋಡುತ್ತ ಅವರು ಹೇಳಿದರು. ಅದು ಪಿಸುಮಾತಿಗಿಂತಲೂ ಸಣ್ಣದಾಗಿತ್ತು. ಆಗ ನನಗೆ ತಿಳಿಯಿತು, ಅವರು ಕಳೆದುಕೊಳ್ಳುವುದೂ ಸಣ್ಣದಲ್ಲ. ಇನ್ನೆಂದೂ ಬರದ ದನಿ. ಅದು ಚೆಂದ ಇದ್ದಾಗಿನದೇ ಉಳಿಯಲಿ ಎಂದು ಯಾರಿಗೆ ಅನಿಸುವುದಿಲ್ಲ?

"ಹೌದ್ರಿ, ಹಳೇದ್ರಾಗ ನಡಗತೈತಿ," ಎಂದೆ. "ತುಂಬಿ ಹರಿಯೂ ಹೊಳಿ ಮುಂದ ನಿಂತಾಗ ಯಾರ ದನಿ ನಡಗೂದಿಲ್ಲರಿ?"

ಎಲ್ಲಿಂದ ಬಂತೋ ಆ ಮಾತು. ಹಾಡುಗಾರರ ಹೆಗಲು ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ, ತಿರುಗಿದಾಗ ನೋಡಿದರೆ ನಗುತ್ತಿದ್ದರು, ದನಿಯಿಲ್ಲದ ನಗು. ಕೈ ಎತ್ತಿದರು. ಮಗಳೂ ತನ್ನ ಕೈಯನ್ನು ಈ ಕಡೆಗೆ ಎತ್ತಿದಳು.

"ಆತು, ನಾ ಒಬ್ಬನ ಉಳದ್ನಿ," ಸಾಹುಕಾರರು ಗೊಣಗಿದರು. "ನನಗ ಹೊಸಾದ ಚಲೋ ಅನಸತೈತಿ, ಅಷ್ಟ. ಕಾರಣ ಕೇಳಬ್ಯಾಡ್ರಿ, ಚಹಾ ಕೊಡ್ರಿ."

ಯಾದಿ ಹೋಯಿತು. ಮಾತು ಕಟ್ಟಿದವರ ಜಾಗದಲ್ಲಿ ಏನು ಬರೆಯಲಿ ಎಂದು ಮಗಳು ಕೇಳಿದಾಗ ಹಾಡುಗಾರರು ಎರಡು ಬೆರಳು ತೋರಿಸಿದರು, ಇಬ್ಬರ ಹೆಸರೂ ಎಂದು. ಅವಳು ನನ್ನ ಪೂರ್ತಿ ಹೆಸರು ಕೇಳಿದಳು. ಓಟಿನ ಚೀಟಿಯಲ್ಲಿ ಇರುವ ಹಾಗೆಯೇ ಹೇಳಿದೆ. ತಿರುಗಿ ಬರುವಾಗ ಅಥಣಿ ದಾಟುವ ತನಕ ನಾದಿನಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ, "ಆದ್ರ ಬಾಗಲಾ ಅಡ್ಡಗಟ್ಟಿದಾಕಿ ನಾನ ಹೌದಲ್ಲೋ?" ಎಂದಳು. ಹೌದು ಎಂದೆ. ಅಷ್ಟಕ್ಕೆ ಅವಳ ಸಿಟ್ಟು ಇಳಿಯಿತು.

ಈಗ ಆ ಆಯ್ಕೆ ನಿಮ್ಮ ಫೋನಿನಲ್ಲಿದೆ. ನೀವು ಕೇಳಿದ್ದೀರಿ, ಢೋಲಕಿ ಯಾರದೆಂದು ಚಿಮಣಿ ಕೇಳಿದ್ದಾಳೆ. ಆದರೆ ಅದರಲ್ಲಿ ಇರುವುದು ಎರಡೇ ಸಾಲು. ಉಳಿದ ಎರಡನ್ನು ಹಾಡುವ ದನಿ ಅವರಿಗಿಲ್ಲ, ನನಗೆ ಮೊದಲಿಂದಲೂ ಇಲ್ಲ. ಆ ಜಾಗದಲ್ಲಿ ಗಿಟಾರ್ ಇದೆ. ಅಲ್ಲಿ ಏನಿತ್ತೆಂದು ಮುಂದೆ ಯಾರೂ ಊಹಿಸಬೇಕಾಗಿಲ್ಲ, ಇಲ್ಲಿ ಬರೆದಿದ್ದೇನೆ:

ಹೊಳಿ ದಂಡಿ ಮ್ಯಾಲ ಹಚ್ಚನ ಕಬ್ಬಿನ ಗರಿ,
ತುಂಬಿದ ಹೊಳಿ ದಾಟಿ ಬರತಾರ ……… ರಾಯರು, ಕೇಳ್ರಿ;
ಬರದಿದ್ರ ಕುಂತ ಅಳಾಕಿ ಅಲ್ಲ, ನನಗೂ ಈಸಾಕ ಬರತೈತ್ರಿ,
ಅವರ ಕೈ ಹಿಡಿಯಾಕ ನಾನ ಹೊಳಿ ದಾಟೇನ್ರಿ.

ಚುಕ್ಕಿ ಇಟ್ಟ ಜಾಗ ನಿಮ್ಮ ಮುತ್ಯಾನ ಹೆಸರಿನದು. ಬರೆಯಲು ಹೋದೆ, ಕೈ ಮುಂದೆ ಹೋಗಲಿಲ್ಲ. ನಿಮಗೆ ಆ ಹೆಸರು ಬಾಯಿಪಾಠ ಇದೆ, ನೀವೇ ತುಂಬಿಕೊಳ್ಳಿ. ಐದನೆಯ ಆಯ್ಕೆ ಒಂದು ದಿನ ಯಾರೋ ಮಾಡಿಯೇ ಮಾಡುತ್ತಾರೆ, ಹೆಸರು ತೆಗೆಯೋಣ, ಸಾಲು ತಿರುಗಿಸೋಣ ಎನ್ನುತ್ತಾರೆ. ಆಗ ಬಾಯಿಮಾತು ನಡೆಯುವುದಿಲ್ಲ, ಈ ಹಾಳೆಗಳನ್ನೇ ಅವರ ಮುಂದೆ ಇಡಬೇಕು. ಅಲ್ಲಿಯವರೆಗೆ ಇವನ್ನು ಮಡಚಬೇಡಿ, ಮಡಿಕೆ ಬಿದ್ದಲ್ಲಿ ಅಕ್ಷರ ಮೊದಲು ಹೋಗುತ್ತದೆ. ಯಾರಿಗೂ ಎರವಲು ಕೊಡಬೇಡಿ. ಬಾಳ್ಯಾ, ನಿನ್ನ ದೊಡ್ಡ ಅಟ್ಲಾಸ್ ಪುಸ್ತಕದ ನಡುವೆ ಚಪ್ಪಟೆಯಾಗಿ ಇಡು. ಎಲ್ಲಿಟ್ಟೆ ಎಂದು ಚಿಮಣಿಗೂ ಹೇಳಿಡು.